ಬಲಕ್ಕೇ ಹೋಗುತ್ತೇನೆ ಎಂದ ಜುಂಜಪ್ಪ

ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಊರಿಗೆಲ್ಲ ನಾನು ಡ್ರಿಲ್ ಮೇಷ್ಟ್ರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸದುರ್ಗದ ಒಂದು ಹೈಸ್ಕೂಲಿಗೆ ಕೊರಳಲ್ಲಿ ಸೀಟಿ ಹಾಕಿಕೊಂಡು ಹೋದವನು, ನಿವೃತ್ತಿಯ ದಿನ ಅದನ್ನು ಬಿಚ್ಚಿಟ್ಟೆ. ನಡುವೆ ಬಡ್ತಿ, ವರ್ಗಾವಣೆ ಎಲ್ಲ ಬಂದವು. ಅವನ್ನು ಓದಿದರೆ ನಿಮಗೆ ನಿದ್ದೆ ಬರುತ್ತದೆ, ಬರೆದರೆ ನನಗೂ ಬರುತ್ತದೆ. ಹಾಗಾಗಿ ಅವು ಬೇಡ.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, 'ಸಾರ್, ನಿಮ್ಮ ಕಾಲದಲ್ಲಿ ಕೋಚಿಂಗ್ ಹೇಗಿತ್ತು?' ಎಂದು ಕೇಳುತ್ತಾರೆ. ಕೋಚಿಂಗ್ ಎಂಬ ಮಾತೇ ನಮ್ಮಲ್ಲಿ ಇರಲಿಲ್ಲ. ಗಣಿತದ ಮೇಷ್ಟ್ರಿಗೆ ಜ್ವರ ಬಂದರೆ ಡ್ರಿಲ್ ಮೇಷ್ಟ್ರು ಕ್ಲಾಸಿಗೆ ಹೋಗಿ ಗದ್ದಲ ಆಗದಂತೆ ನೋಡಿಕೊಳ್ಳಬೇಕು. ಮಂತ್ರಿಗಳು ಬಂದರೆ ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಬೇಕು. ಇವೆಲ್ಲ ಮುಗಿದು ಸಮಯ ಉಳಿದರೆ ಆಟ. ನಮ್ಮ ಹಾಕಿ ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಹೆಚ್ಚು. ಚೆಂಡು ಯಾವ ಕಲ್ಲಿಗೆ ತಗುಲಿ ಯಾವ ಕಡೆ ನೆಗೆಯುತ್ತದೆ ಎಂಬುದು ನಮ್ಮ ಹುಡುಗರಿಗೆ ಬಾಯಿಪಾಠವಾಗಿತ್ತು. ಹೊರಗಿನ ತಂಡಗಳು ನಮ್ಮಲ್ಲಿಗೆ ಬಂದರೆ ಸೋಲುತ್ತಿದ್ದುದಕ್ಕೆ ಅದೇ ಕಾರಣ, ನಾವು ಹೊರಗೆ ಹೋದರೆ ಸೋಲುತ್ತಿದ್ದುದಕ್ಕೂ ಅದೇ ಕಾರಣ.

ಒಮ್ಮೆ ಗೆರೆ ಎಳೆಯಲು ಸುಣ್ಣ ಸಿಗದೆ, ಹಾಸ್ಟೆಲಿನ ಒಲೆಯ ಬೂದಿ ತರಿಸಿ ಎಳೆದೆ. ಆಟ ಶುರುವಾಗುವಷ್ಟರಲ್ಲಿ ಗಾಳಿ ಬೀಸಿ ಗೆರೆಯೆಲ್ಲ ಪ್ರೇಕ್ಷಕರ ಅಂಗಿಯ ಮೇಲೆ ಕೂತಿತ್ತು. ಮುಂದಿನ ಸಾಲಿನಲ್ಲಿದ್ದವರು ನಮ್ಮ ಹೆಡ್‌ಮಾಸ್ತರು ಷಡಕ್ಷರಪ್ಪನವರು. ಬಿಳಿ ಕಚ್ಚೆ ಪಂಚೆ, ಕರಿ ಕೋಟು, ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆ. ಇತಿಹಾಸ ಪಾಠ ಮಾಡುತ್ತಿದ್ದರು. ಹಾಕಿ ಎಂದರೆ ಅವರಿಗೆ ಗೊತ್ತಿದ್ದುದು ಒಂದೇ: ಅದರಲ್ಲಿ ಹಿರಿಯೂರಿನವರನ್ನು ಸೋಲಿಸಬೇಕು.

ಯಾಕೆಂದರೆ ಹಿರಿಯೂರಿನ ಹೈಸ್ಕೂಲಿನ ಹೆಡ್‌ಮಾಸ್ತರು ನಂಜುಂಡಪ್ಪನವರು ಇವರ ಷಡ್ಡಕ. ಇಬ್ಬರೂ ಅಕ್ಕ ತಂಗಿಯರನ್ನು ಮದುವೆಯಾದವರು. ಮಾವನ ಮನೆಯಲ್ಲಿ ಹಬ್ಬಕ್ಕೆ ಸೇರಿದಾಗಲೆಲ್ಲ ಹೋಳಿಗೆ ಬಡಿಸುವ ಮೊದಲೇ ನಂಜುಂಡಪ್ಪನವರು, 'ಈ ಸಲವೂ ಹಾಕಿ ಕಪ್ಪು ನಮ್ಮಲ್ಲೇ ಉಳೀತಲ್ಲ ಷಡಕ್ಷರಪ್ಪನೋರೇ' ಎಂದು ಶುರು ಮಾಡುತ್ತಿದ್ದರಂತೆ. ನಮ್ಮವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಿರಿಯೂರಿನವರು ಗೆಲ್ಲುತ್ತಿದ್ದುದು ಒಬ್ಬ ಹುಡುಗನಿಂದ. ಹೆಸರು ಜುಂಜಪ್ಪ, ಊರು ಆದಿವಾಲ, ಕುರಿಗಾರರ ಮನೆಯವನು. ಅವನನ್ನು ನಾನು ಮೊದಲು ಕಂಡದ್ದು ಹೊಳಲ್ಕೆರೆಯಲ್ಲಿ ನಡೆದ ಪಂದ್ಯದಲ್ಲಿ. ಸಣಕಲು ಹುಡುಗ, ಉದ್ದನೆಯ ಕೈ. ಓಡುವಾಗ ಚೆಂಡು ಅವನ ಕೋಲಿಗೆ ಅಂಟಿಕೊಂಡಂತೆ ಇರುತ್ತಿತ್ತು.

ಆವತ್ತು ಅವನು ನಮ್ಮ ಮೇಲೆ ಒಂದು ಗೋಲು ಹೊಡೆದ. ಅಂಪೈರ್ ಸೀಟಿ ಊದಿ ಗೋಲು ಎಂದು ಕೈ ತೋರಿಸಿದರು. ಅವರು ಹೊಳಲ್ಕೆರೆಯ ಡ್ರಿಲ್ ಮೇಷ್ಟ್ರು. ದಪ್ಪ ಮೀಸೆ, ಮೀಸೆಗಿಂತ ದಪ್ಪ ಹಟ. ಜುಂಜಪ್ಪ ಓಡಿ ಅವರ ಹತ್ತಿರ ಹೋಗಿ ಕೋಲು ಕೆಳಗಿಟ್ಟು ಕೈ ಮುಗಿದ.

'ಸಾ, ಅದು ಗೋಲಲ್ಲ ಸಾ. ಚೆಂಡು ನನ್ನ ಕಾಲಿಗೆ ತಾಗಿತ್ತು.'

ಹಾಕಿಯಲ್ಲಿ ಆಟಗಾರನ ಕಾಲಿಗೆ ಚೆಂಡು ತಗುಲಿದರೆ ತಪ್ಪು, ಗೋಲು ಲೆಕ್ಕಕ್ಕಿಲ್ಲ. ಇದನ್ನು ಎದುರಾಳಿ ಹೇಳಿದ್ದರೆ ಅಂಪೈರ್ ಬೈದು ಕಳಿಸುತ್ತಿದ್ದರು. ಗೋಲು ಹೊಡೆದವನೇ ಹೇಳಿದರೆ ಏನು ಮಾಡಬೇಕು ಎಂಬುದು ಅವರ ಅನುಭವದಲ್ಲೇ ಇರಲಿಲ್ಲ. ಅವರ ಮುಖ ಕೆಂಪಾಯಿತು.

'ಏನಪ್ಪಾ, ಅಂಪೈರ್ ನೀನೋ ನಾನೋ?'

'ನೀವೇ ಸಾ. ಆದ್ರೆ ಕಾಲು ನಂದು.'

ನೋಡುತ್ತಿದ್ದವರೆಲ್ಲ ಗೊಳ್ಳೆಂದರು. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. 'ನಾನು ಊದಿದೀನಿ. ಗೋಲು ಅಂದ್ರೆ ಗೋಲು! ಇನ್ನೊಂದು ಮಾತಾಡಿದ್ರೆ ಹೊರಗೆ ಹಾಕ್ತೀನಿ!' ಎಂದು ಅವರು ಗುಡುಗಿದರು. ನಾನು ಒಳಗೆ ಹೋಗಿ, 'ಹುಡುಗ ನಿಜ ಹೇಳ್ತಾ ಇದಾನೆ ಮೇಷ್ಟ್ರೇ, ಅವನ ಮಾತು ಕೇಳ್ರಿ' ಎಂದೆ. 'ನೀವೂ ಹೊರಗೆ ಹೋಗ್ತೀರೇನ್ರಿ?' ಎಂದರು. ಅಷ್ಟರಲ್ಲಿ ಹಿರಿಯೂರಿನ ಡ್ರಿಲ್ ಮೇಷ್ಟ್ರು ಬಂದು ಜುಂಜಪ್ಪನ ಗದ್ದ ಹಿಡಿದುಕೊಂಡು, 'ಲೇ, ನಿನ್ ಕಾಲಿಗೆ ಬೀಳ್ತೀನಿ, ಬಾಯಿ ಮುಚ್ಚಲೇ' ಎಂದು ಬೇಡಿಕೊಂಡರು.

ಗೋಲು ಉಳಿಯಿತು. ನಾವು ಅದೇ ಗೋಲಿನಿಂದ ಸೋತೆವು. ನಮ್ಮ ಗೋಲ್‌ಕೀಪರ್ ಬಾಷಾ ಸೈಕಲ್ ಶಾಪಿನ ಸಾಬರ ಮಗ, ಮುಂಗೋಪಿ. ಸೋತ ದಿನ ಊಟ ಮಾಡುತ್ತಿರಲಿಲ್ಲ. ಜುಂಜಪ್ಪ ನೆಟ್ಟಗೆ ಅವನ ಹತ್ತಿರ ಬಂದು, ಕೆಳಗೆ ಕೂತು ಅವನ ಕಾಲಿನ ಪ್ಯಾಡಿನ ಪಟ್ಟಿ ಬಿಚ್ಚಲು ಶುರು ಮಾಡಿದ. 'ನೀನು ಬೇಜಾರು ಮಾಡ್ಕಬ್ಯಾಡಣ್ಣ. ಅದು ಗೋಲಲ್ಲ, ನಂಗೆ ಗೊತ್ತೈತೆ, ನಿಂಗೂ ಗೊತ್ತೈತೆ. ಅಂಪೈರ್‌ಗೆ ಮಾತ್ರ ಗೊತ್ತಿಲ್ಲ' ಎಂದ. ಬಾಷಾ ಅವನ ಮುಖ ನೋಡಿದ, ನಕ್ಕ, ತನ್ನ ಬುತ್ತಿಯ ಚಪಾತಿಯಲ್ಲಿ ಅರ್ಧ ಮುರಿದು ಕೊಟ್ಟ. ಆ ದಿನದಿಂದ ನನ್ನ ಕಷ್ಟ ಶುರುವಾಯಿತು.

ಹೊಸ ಮೇಷ್ಟ್ರುಗಳೇ, ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಎದುರಾಳಿ ಒರಟನಾದರೆ ಹುಡುಗರನ್ನು ಕೆರಳಿಸುವುದು ಸುಲಭ. ಎದುರಾಳಿ ಒಳ್ಳೆಯವನಾದರೆ ಏನು ಮಾಡುತ್ತೀರಿ? ಹೊಳಲ್ಕೆರೆಯಿಂದ ವಾಪಸು ಬರುವಾಗ ಬಸ್ಸಿನ ತುಂಬ ಜುಂಜಪ್ಪನದೇ ಮಾತು. ಅವನು ಕೋಲು ಹಿಡಿಯುವ ರೀತಿ, ಅವನು 'ಅಣ್ಣ' ಎನ್ನುವ ರೀತಿ. ಬಸ್ಸಿಳಿದ ಹುಡುಗರ ಮುಖ ನೋಡಿ ಹೆಡ್‌ಮಾಸ್ತರು ಗೆದ್ದೇ ಬಂದಿದ್ದೇವೆ ಎಂದುಕೊಂಡು ಕೊಡೆ ಎತ್ತಿ ಮುಂದೆ ಬಂದರು.

'ಎಷ್ಟು ಗೋಲ್ರೀ?'

'ಒಂದು ಸಾರ್. ಅವರದ್ದು.'

'ಮತ್ಯಾಕೆ ಇವು ಹಲ್ಲು ಬಿಡ್ತಿದಾವೆ?'

'ಜುಂಜಪ್ಪ ತುಂಬಾ ಒಳ್ಳೆ ಹುಡುಗ ಸಾ!' ಎಂದ ಬಾಷಾ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರು ಅಪ್ಪಣೆ ಹೊರಡಿಸಿದರು: ಈ ಶಾಲೆಯ ಆವರಣದಲ್ಲಿ ಆ ಹೆಸರು ಎತ್ತಕೂಡದು. ಅಂದಿನಿಂದ ಹುಡುಗರು ಅವನನ್ನು 'ಒಳ್ಳೆಯವನು' ಎಂದೇ ಕರೆಯತೊಡಗಿದರು. ಕನ್ನಡ ಪಾಠದಲ್ಲಿ ಗುಣವಾಚಕಕ್ಕೆ ಉದಾಹರಣೆ ಕೊಡಿ ಎಂದರೆ ಇಡೀ ತರಗತಿ 'ಒಳ್ಳೆಯ' ಎಂದು ಕೂಗಿ ನಗುತ್ತಿತ್ತಂತೆ. ಕನ್ನಡ ಪಂಡಿತರು ಕಾರಣ ಗೊತ್ತಾಗದೆ ತಮ್ಮ ಪಂಚೆಯನ್ನು ನೋಡಿಕೊಂಡರಂತೆ.

ಮುಂದಿನ ವರ್ಷ ಜಿಲ್ಲಾ ಪಂದ್ಯಾವಳಿ ಹತ್ತಿರ ಬಂದಾಗ ಹೆಡ್‌ಮಾಸ್ತರು ನನ್ನನ್ನು ಕೋಣೆಗೆ ಕರೆದರು. ಗೌರಿ ಹಬ್ಬಕ್ಕೆ ಮಾವನ ಮನೆಗೆ ಹೋಗಿ ಬಂದಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು.

'ನೋಡ್ರಿ, ಈ ಸಲ ಕಪ್ಪು ಬರದಿದ್ರೆ ಹಾಕಿ ಬಂದ್. ಆ ಮೈದಾನಕ್ಕೆ ತೆಂಗಿನ ಸಸಿ ಹಾಕಿಸ್ತೀನಿ. ನೀರು ಹಾಕೋದು ನೀವು.'

ಬಾಯಿಮಾತು ಎಂದುಕೊಂಡೆ. ಸೋಮವಾರ ಬಂದು ನೋಡಿದರೆ ಮೈದಾನದ ಅಂಚಿನಲ್ಲಿ ಸಾಲಾಗಿ ಗುಂಡಿ ತೋಡಿಸಿದ್ದರು! ಆ ವಾರ ನಮ್ಮ ಬಲಗಡೆಯ ಓಟಗಾರ ಚೆಂಡಿನ ಹಿಂದೆ ಓಡುತ್ತ ಗುಂಡಿಯೊಳಗೆ ಮಾಯವಾದ. ನಾವೆಲ್ಲ ಅವನನ್ನು ಎಳೆದು ತೆಗೆಯುತ್ತಿದ್ದರೆ ಹೆಡ್‌ಮಾಸ್ತರು ಕಿಟಕಿಯಿಂದ, 'ಸೋತ್ರೆ ಅದರಲ್ಲಿ ಸಸಿ ಇರುತ್ತೆ, ನೆನಪಿರಲಿ' ಎಂದರು. ಹುಡುಗರು ಹೆದರಿಹೋದರು. ಅವರಿಗೆ ಹಾಕಿ ಬಿಟ್ಟರೆ ಶಾಲೆಯಲ್ಲಿ ಇನ್ನೊಂದು ಸುಖವಿರಲಿಲ್ಲ. ನನಗೂ ಅಷ್ಟೆ.

ಹೆಡ್‌ಮಾಸ್ತರಿಗೆ ಒಂದು ಉಪಾಯವೂ ಹೊಳೆದಿತ್ತು. 'ನೀವು ಆದಿವಾಲಕ್ಕೆ ಹೋಗಿ. ಅವನು ಏನು ತಿಂತಾನೆ, ಏನು ಕುಡೀತಾನೆ, ಎಲ್ಲಿ ದುರ್ಬಲ, ತಿಳ್ಕೊಂಡು ಬನ್ನಿ. ಗೂಢಚಾರರಿಲ್ಲದೆ ಯಾವ ಯುದ್ಧ ಗೆದ್ದಿದಾರ್ರೀ ಇತಿಹಾಸದಲ್ಲಿ?'

ಭಾನುವಾರ ಹಿರಿಯೂರಿಗೆ ಹೋಗಿ, ಅಲ್ಲಿಂದ ಆದಿವಾಲದ ಬಸ್ಸು ಹಿಡಿದೆ. ಜುಂಜಪ್ಪನ ಮನೆ ಕೇಳಿಕೊಂಡು ಹೋದರೆ ಅವನ ಅಪ್ಪ ಈರಣ್ಣ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ನಾನು ಹೊಸದುರ್ಗದ ಡ್ರಿಲ್ ಮೇಷ್ಟ್ರು ಎಂದೆ.

'ಬರ್ರಿ ಬರ್ರಿ, ಕುಂತ್ಕಳ್ರಿ. ಹುಡುಗ ನೀರಿಗೆ ಹೋಗ್ಯಾನೆ, ಬತ್ತಾನೆ. ಅಲ್ಲೀಗಂಟ ಈ ಕುರಿ ಕಾಲು ಒಸಿ ಹಿಡ್ಕಳ್ರಿ ಮೇಷ್ಟ್ರೇ.'

ಗೂಢಚಾರನಾಗಿ ಹೋದ ನಾನು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಕುಕ್ಕರಗಾಲಲ್ಲಿ ಕೂತು ಕುರಿಯ ಕಾಲು ಹಿಡಿದೆ. ಒಂದು ಮುಗಿದರೆ ಇನ್ನೊಂದನ್ನು ಎಳೆದು ತಂದು ಕೊಡುತ್ತಿದ್ದ. ಕುರಿ ಒದೆಯುತ್ತಿತ್ತು. 'ಡ್ರಿಲ್ ಮೇಷ್ಟ್ರು ಅಂತೀರಿ, ಗಟ್ಟಿಯಾಗಿ ಹಿಡೀರಿ' ಎಂದು ಈರಣ್ಣ ಗದರಿದ. ಜುಂಜಪ್ಪ ಕೊಡ ಹೊತ್ತು ಬಂದವನು ನನ್ನನ್ನು ನೋಡಿ ಗಾಬರಿಯಿಂದ ಕೊಡ ಇಳಿಸಿದ. 'ಅಯ್ಯೋ ಅಪ್ಪಾ, ಅವ್ರು ಹೊಸದುರ್ಗದ ಸಾರು!' ಎಂದು ಓಡಿ ಬಂದು ಕುರಿ ಬಿಡಿಸಿಕೊಂಡು, ನನ್ನ ಪ್ಯಾಂಟಿಗೆ ಅಂಟಿದ ಉಣ್ಣೆಯನ್ನು ಒಂದೊಂದೇ ಎಳೆಯಾಗಿ ಬಿಡಿಸತೊಡಗಿದ.

ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಉಣ್ಣುತ್ತ ನನ್ನ ಕೆಲಸ ಶುರು ಮಾಡಿದೆ.

'ದಿನಾ ಏನು ತಿಂತೀಯಪ್ಪ?'

'ಮುದ್ದೆ ಸಾ.'

'ಮತ್ತೆ ಶಕ್ತಿಗೆ?'

'ಇನ್ನೊಂದು ಮುದ್ದೆ ಸಾ.'

ಆಮೇಲೆ ಆಟದ ಮಾತಿಗೆ ಬಂದೆ. ಸುತ್ತಿ ಬಳಸಿ ಕೇಳಲು ತಯಾರಾಗಿ ಹೋಗಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

'ನಾನು ಬರೀ ಬಲಕ್ಕೇ ತಿರುಗಾದು ಸಾ. ಎಡಕ್ಕೆ ಆಗಲ್ಲ. ಸಣ್ಣೋನಿದ್ದಾಗ ಟಗರು ಎಡ ಮೊಣಕಾಲಿಗೆ ಗುದ್ದಿತ್ತು. ಆ ಕಾಲಿನ ಮೇಲೆ ಭಾರ ಬಿಟ್ಟು ತಿರುಗಿದ್ರೆ ಬಿದ್ದೋಗ್ತೀನಿ. ನಿಮ್ ತಿಪ್ಪೇಶಂಗೆ ಹೇಳ್ರಿ, ನನ್ ಬಲಗಡೆ ಬಂದು ನಿಂತ್ಕಂಡ್ರೆ ನನ್ನಾಟ ಮುಗೀತು.' ತಿಪ್ಪೇಶ ನಮ್ಮ ಬ್ಯಾಕು, ಗೋಲಿನ ಮುಂದೆ ಅಡ್ಡ ನಿಲ್ಲುವವನು. ಬಾಯಲ್ಲಿ ಹೇಳಿದ್ದು ಸಾಲದೆಂದು ಜುಂಜಪ್ಪ ಎದ್ದು ಕುರಿ ಕಾಯುವ ಕೋಲಿನಲ್ಲಿ ಎಡಕ್ಕೆ ತಿರುಗಲು ಹೋಗಿ ಅಂಗಳದಲ್ಲಿ ಬಿದ್ದೂ ತೋರಿಸಿದ.

ಮುದ್ದೆ ಕೈಯಲ್ಲೇ ಉಳಿಯಿತು. 'ಇದನ್ನ ನನಗ್ಯಾಕೆ ಹೇಳಿದೆಯೋ?'

'ಕೇಳಿದ್ರಲ್ಲ ಸಾ.'

ಈರಣ್ಣ ಹಣೆ ಚಚ್ಚಿಕೊಂಡ. 'ಅವನು ಹಂಗೇ ಮೇಷ್ಟ್ರೇ. ಸಂತೇಲಿ ಕುರಿ ಮಾರಕ್ಕೆ ಕಳ್ಸಿದ್ರೆ, ಕೊಳ್ಳೋನು ಕೇಳಾಕೆ ಮುಂಚೆ ಕುರಿ ಕುಂಟ್ತೈತೆ ಅಂತ ತಾನೇ ಹೇಳಿ ಬತ್ತಾನೆ. ಅದಕ್ಕೇ ಸಂತೆ ಬಿಡಿಸಿ ಇಸ್ಕೂಲಿಗೆ ಹಾಕಿದೀನಿ.'

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಎಷ್ಟು ಯೋಚಿಸಿದರೂ ನಗು ಬರುತ್ತಿತ್ತು, ಅದರ ಹಿಂದೆಯೇ ಮನಸ್ಸು ತುಂಬಿ ಬರುತ್ತಿತ್ತು. ಇಂಥ ಹುಡುಗ ನನ್ನ ತಂಡದಲ್ಲಿ ಇಲ್ಲವಲ್ಲ ಎನ್ನುವ ಹೊಟ್ಟೆಕಿಚ್ಚೂ ಇತ್ತು. ಕಲಿಸಿ ಬರುವ ಗುಣವಲ್ಲ ಅದು.

ಹೆಡ್‌ಮಾಸ್ತರಿಗೆ ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಮೇಜು ಗುದ್ದಿದರು.

'ಮೋಸ ಹೋದಿರಿ ಕಣ್ರಿ! ಇದು ತಂತ್ರ! ಯಾವ ರಾಜನಾದ್ರೂ ಶತ್ರುವನ್ನ ಕರೆದು, ನನ್ನ ಕೋಟೆ ಗೋಡೆ ಇಲ್ಲಿ ಬಿರುಕು ಬಿಟ್ಟಿದೆ ನೋಡಪ್ಪಾ ಅಂತ ತೋರಿಸ್ತಾನೇನ್ರಿ? ಬಲಕ್ಕೆ ಅಂದ್ರೆ ಎಡಕ್ಕೆ ಅಂತ ಅರ್ಥ.'

'ಬಿದ್ದು ತೋರಿಸಿದ ಸಾರ್.'

'ಬೀಳೋದೇನು ಕಷ್ಟ? ನಾನೂ ಬಿದ್ದು ತೋರಿಸ್ತೀನಿ.'

ಈ ವೃತ್ತಿಯಲ್ಲಿ ಮೇಲಿನವರಿಗೆ ಗೊತ್ತಿಲ್ಲದ್ದನ್ನು ತಿಳಿಸಬಹುದು, ಗೊತ್ತಿದೆ ಎಂದುಕೊಂಡಿರುವುದನ್ನು ಬಿಡಿಸುವುದು ಆಗದ ಕೆಲಸ.

ಅಂದುಕೊಂಡಂತೆಯೇ ಫೈನಲಿಗೆ ಬಂದವರು ನಾವು ಮತ್ತು ಹಿರಿಯೂರಿನವರು. ಪಂದ್ಯ ಚಿತ್ರದುರ್ಗದಲ್ಲಿ. ಮೈದಾನದ ಉದ್ದಕ್ಕೂ ಒಂದು ಮಗ್ಗುಲಿಗೆ ಬೆಟ್ಟ ಕಾಣುತ್ತಿತ್ತು, ಇನ್ನೊಂದು ಮಗ್ಗುಲಿಗೆ ಒಂದು ಚಹಾದಂಗಡಿ. ಹೆಡ್‌ಮಾಸ್ತರು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದ ಕುರ್ಚಿಯಲ್ಲಿ ಅವರ ಷಡ್ಡಕ ನಂಜುಂಡಪ್ಪನವರು. ಆಟ ಶುರುವಾಗುವ ಮುಂಚೆ ನಮ್ಮ ಹೆಡ್‌ಮಾಸ್ತರು ಹುಡುಗರನ್ನು ಕರೆದು, ಹಿರಿಯೂರಿನವರು ಯಾವ ಕಡೆಗೆ ಗೋಲು ಹೊಡೆಯಬೇಕು ಎಂದು ಕೇಳಿ, ಬೆರಳು ಮಡಿಸಿ ಎಡಬಲ ಲೆಕ್ಕ ಹಾಕಿ ಹೇಳಿದರು: 'ಅವನ ಎಡಗೈ ಬೆಟ್ಟದ ಕಡೆ. ತಿಪ್ಪೇಶ, ನೀನು ಬೆಟ್ಟದ ಕಡೆ ನಿಂತ್ಕೋ. ಏನೇ ಆದ್ರೂ ಬೆಟ್ಟದ ಕಡೆ ಬಿಡಬೇಡ!'

ತಿಪ್ಪೇಶ ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ.

ಜುಂಜಪ್ಪ ಮೊದಲ ಸಲ ಚೆಂಡು ಹಿಡಿದು ಬಂದವನು, ಬಲಗಡೆ ಯಾರೂ ಇಲ್ಲದ್ದನ್ನು ಕಂಡು ಅನುಮಾನದಿಂದ ಒಂದು ಗಳಿಗೆ ನಿಂತೇ ಬಿಟ್ಟ. ಆಮೇಲೆ ಚಹಾದಂಗಡಿಯ ಕಡೆಯಿಂದ ನುಗ್ಗಿ ಗೋಲು ಹೊಡೆದ. ಎರಡನೆಯ ಸಲವೂ ಹಾಗೆಯೇ. 'ಸಾರ್, ಬಲಕ್ಕೇ ಹೋಗ್ತಾ ಇದಾನೆ' ಎಂದೆ. 'ನಮ್ಮನ್ನ ಕೆಣಕ್ತಾ ಇದಾನೆ. ಜಾಗ ಬಿಟ್ರೆ ಎಡಕ್ಕೆ ನುಗ್ತಾನೆ' ಎಂದರು ಹೆಡ್‌ಮಾಸ್ತರು.

ವಿರಾಮ ಬಂತು. ಹಾಕಿಯಲ್ಲಿ ವಿರಾಮದ ನಂತರ ಎರಡೂ ತಂಡಗಳು ಜಾಗ ಬದಲಾಯಿಸುತ್ತವೆ, ಇತ್ತ ಗೋಲು ಕಾಯುತ್ತಿದ್ದವರು ಅತ್ತ ಹೋಗುತ್ತಾರೆ. ಹೆಡ್‌ಮಾಸ್ತರು ಚಹಾ ಕುಡಿಯಲು ಎದ್ದುಹೋಗಿದ್ದರು. ತಿಪ್ಪೇಶ ಕಿತ್ತಳೆ ಹಣ್ಣಿನ ತೊಳೆ ಚೀಪುತ್ತ ನನ್ನ ಕಿವಿಯ ಹತ್ತಿರ ಬಂದ.

'ಸಾ, ಈಗ ಜಾಗ ಬದ್ಲಾತು. ಇನ್ಮೇಲೆ ಜುಂಜಪ್ಪನ ಬಲಗೈ ಬೆಟ್ಟದ ಕಡೇಗೇ ಬತ್ತೈತೆ.'

'ಹೆಡ್‌ಮಾಸ್ತರು ಏನು ಹೇಳಿದಾರೆ?'

'ಏನೇ ಆದ್ರೂ ಬೆಟ್ಟದ ಕಡೆ ಬಿಡಬ್ಯಾಡ ಅಂದವ್ರೆ.'

'ಮತ್ತೆ? ದೊಡ್ಡೋರ ಮಾತು ಮೀರಬಾರದು ಕಣೋ.'

ಅವನ ಮುಖ ಅರಳಿತು. ವಿರಾಮದ ನಂತರ ಜುಂಜಪ್ಪ ಎತ್ತ ಬಂದರೂ ತಿಪ್ಪೇಶ ಬೆಟ್ಟದ ಕಡೆ ಗೋಡೆಯ ಹಾಗೆ ನಿಂತ. ಜುಂಜಪ್ಪನಿಗೆ ದಾರಿಯೇ ಸಿಗಲಿಲ್ಲ. ಒಮ್ಮೆ ವಿಧಿಯಿಲ್ಲದೆ ಎಡಕ್ಕೆ ತಿರುಗಲು ಹೋಗಿ, ಆದಿವಾಲದ ಅಂಗಳದಲ್ಲಿ ಬಿದ್ದಂತೆಯೇ ಬಿದ್ದ. ನಾವು ಒಂದು ಗೋಲು ಹೊಡೆದೆವು. ಇನ್ನೊಂದು ಹೊಡೆದು ಸರಿಗಟ್ಟಿದೆವು. ಹೆಡ್‌ಮಾಸ್ತರು ಕುರ್ಚಿಯ ಮೇಲೆ ನಿಂತಿದ್ದರು. 'ನೋಡಿದ್ರಾ! ಬೆಟ್ಟದ ಕಡೆ ಅಂತ ನಾನು ಹೇಳಿರಲಿಲ್ವಾ!' ಎಂದು ಕೊಡೆಯಿಂದ ನನ್ನ ಬೆನ್ನಿಗೆ ತಿವಿದರು. ನನಗೆ ಆ ತಿವಿತ ಹಿತವಾಗಿತ್ತು. ಇನ್ನು ಕೆಲವೇ ನಿಮಿಷ ಉಳಿದಿದ್ದವು, ಆಟ ನಮ್ಮ ಕೈಯಲ್ಲಿತ್ತು.

ಆಗ ನಂಜುಂಡಪ್ಪನವರು ಬಾಯಿ ತೆಗೆದರು. ಅವರಿಗೆ ಯಾವ ದುರುದ್ದೇಶವೂ ಇರಲಿಲ್ಲ, ಆಟದ ಜ್ಞಾನ ತೋರಿಸಿಕೊಳ್ಳುವ ಚಪಲ ಅಷ್ಟೆ.

'ಜಾಗ ಬದಲಾದ ಮೇಲೆ ನಿಮ್ಮ ಹುಡುಗ ನಮ್ಮೋನ ಬಲಗಡೆಗೆ ಬಂದುಬಿಟ್ಟ ನೋಡ್ರಿ. ಅದಕ್ಕೇ ತೊಂದರೆ ಆಗ್ತಾ ಇದೆ.'

ನಮ್ಮ ಹೆಡ್‌ಮಾಸ್ತರ ಮುಖ ಬಿಳಚಿತು. 'ಬಲಗಡೆಯೇ? ಹಾಗಾದ್ರೆ ಎಡ ಖಾಲಿ ಬಿದ್ದಿದೆಯೇ?' ಎಂದವರೇ ಕುರ್ಚಿಯ ಮೇಲಿಂದ ಕೂಗಿದರು: 'ಲೋ ತಿಪ್ಪೇಶ! ಅಂಗಡಿ ಕಡೆ ಬಾರೋ! ಅಂಗಡಿ ಕಡೆ!'

'ಬೇಡ ಸಾರ್, ದಮ್ಮಯ್ಯ!' ಎಂದು ನಾನು ಅವರ ಕೋಟು ಹಿಡಿದೆಳೆದೆ. ತಿಪ್ಪೇಶ ಕೇಳಿಸದವನಂತೆ ನಿಂತೇ ಇದ್ದ. 'ಕಿವಿ ಕೇಳಲ್ವೇನೋ! ನಾಳೆ ಟಿ.ಸಿ. ಕೊಡ್ತೀನಿ!' ಎಂದು ಮತ್ತೆ ಗುಡುಗಿದರು. ಪಾಪ, ಹುಡುಗ ಅಂಗಡಿಯ ಕಡೆ ಸರಿದ. ಜುಂಜಪ್ಪ ಬೆಟ್ಟದ ಕಡೆಯಿಂದ ಬಂದು, ಬಾಷಾನ ಪ್ಯಾಡಿನ ಪಕ್ಕದಲ್ಲೇ ಚೆಂಡನ್ನು ಒಳಗೆ ತಳ್ಳಿದ. ಪಂದ್ಯ ಮುಗಿಯಿತು.

ಹುಡುಗರು ಮೈದಾನದಲ್ಲೇ ಕೂತರು. ಅವರ ಕಣ್ಣ ಮುಂದೆ ಸಾಲು ಗುಂಡಿ, ಸಾಲು ತೆಂಗಿನ ಸಸಿ. ಜುಂಜಪ್ಪ ತನ್ನವರು ಹೆಗಲ ಮೇಲೆ ಎತ್ತಿಕೊಂಡದ್ದನ್ನು ಬಿಡಿಸಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದ. ಗೆದ್ದ ಖುಷಿಯೇ ಮುಖದಲ್ಲಿರಲಿಲ್ಲ.

'ಸಾ, ನಾನು ಹೇಳಿದ್ನಲ್ಲ ಸಾ, ಬಲಕ್ಕೇ ಹೋಗ್ತೀನಿ ಅಂತ. ಮರ್ತೋದ್ರಾ?'

ಹೆಡ್‌ಮಾಸ್ತರು ಪಕ್ಕದಲ್ಲೇ ಇದ್ದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

'ನೀನು ನಿಜ ಹೇಳಿದ್ದೇನೋ?'

'ಹೂಂ ಸಾ.'

'ನಿಜವಾಗ್ಲೂ ನಿಜ?'

'ಹೂಂ ಸಾ.'

'ಅಲ್ಲಯ್ಯಾ, ನೀನೊಂದು ಸುಳ್ಳು ಹೇಳಿದ್ರೆ ನಾವು ಗೆಲ್ತಿದ್ವಲ್ಲೋ!'

ಜುಂಜಪ್ಪ ಸ್ವಲ್ಪ ಯೋಚಿಸಿದ. ಆಮೇಲೆ ತಲೆ ತಗ್ಗಿಸಿ, ಮನಸಾರೆ, 'ತಪ್ಪಾತು ಸಾ' ಎಂದ.

ನನ್ನ ಇಡೀ ನೌಕರಿಯಲ್ಲಿ ಷಡಕ್ಷರಪ್ಪನವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಶುರುವಾದದ್ದು ಕೆಮ್ಮಿನಂತೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಒರಗಿದರು, ಕೊಡೆ ಬಿತ್ತು, ಕಣ್ಣಲ್ಲಿ ನೀರು ಬಂತು. ಹೆದರಿ ಕೂತಿದ್ದ ಹುಡುಗರೂ ಎದ್ದು ಬಂದು ನಗಲು ಶುರು ಮಾಡಿದರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಜುಂಜಪ್ಪನೂ ನಕ್ಕ. ಆ ಹೊತ್ತಿಗೆ ಗೆದ್ದವರ ಫೋಟೋ ತೆಗೆಯಲು ಬಂದಿದ್ದ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡು ಮಡಿಸುತ್ತಿದ್ದರು. ಹೆಡ್‌ಮಾಸ್ತರು ಅವರನ್ನು ಕೂಗಿ ನಿಲ್ಲಿಸಿದರು. 'ನಮ್ಮದೂ ಒಂದು ತೆಗೀರಿ. ಇವನು ಮಧ್ಯದಲ್ಲಿ ಕೂತ್ಕೊಳ್ಲಿ.' ಬಾಷಾ ಜುಂಜಪ್ಪನ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

ಊರಿಗೆ ಬಂದ ಮೇಲೆ ಹೆಡ್‌ಮಾಸ್ತರು ಆಳು ಕರೆಸಿ ಗುಂಡಿ ಮುಚ್ಚಿಸಿದರು. ಸಸಿ ಏನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜುಂಜಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ಆದಿವಾಲದಲ್ಲೇ ಕುರಿ, ಹೊಲ ನೋಡಿಕೊಂಡು ಉಳಿದ. ಹೆಣ್ಣು ನೋಡಲು ಹೋದಾಗ, ಯಾರೂ ಕೇಳದಿದ್ದರೂ ಎಡ ಮೊಣಕಾಲಿನ ಕತೆಯನ್ನು ತಾನೇ ಮೊದಲು ಹೇಳಿದನಂತೆ. ಹುಡುಗಿ ಅದಕ್ಕೇ ಒಪ್ಪಿದಳು ಎಂದು ಈರಣ್ಣ ಒಮ್ಮೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿ, ನನ್ನ ಕೈಲಿ ಕುರಿ ಹಿಡಿಸಿದ್ದನ್ನು ನೆನೆದು ನಾಚಿಕೊಂಡ.

ಆ ಫೋಟೋಗೆ ಕಟ್ಟು ಹಾಕಿಸಿ ಹೆಡ್‌ಮಾಸ್ತರು ತಮ್ಮ ಕೋಣೆಯಲ್ಲೇ, ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದ್ದರು. ಆಮೇಲಿನ ವರ್ಷ ತಪಾಸಣೆಗೆ ವಿದ್ಯಾಧಿಕಾರಿಗಳು ಬಂದರು. ಬಲು ಗಂಭೀರ ಮನುಷ್ಯ. ನನ್ನನ್ನೂ ಕರೆಸಿದ್ದರು. ಅವರು ಕನ್ನಡಕ ಏರಿಸಿ ಫೋಟೋ ನೋಡಿ, 'ಹಾಕಿ ತಂಡವೇನ್ರಿ? ಕಪ್ಪೆಲ್ಲಿ?' ಎಂದರು.

'ಕಪ್ಪು ಹಿರಿಯೂರಲ್ಲಿದೆ ಸಾರ್. ಇದು ಸೋತಾಗ ತೆಗೆಸಿದ್ದು' ಎಂದರು ಹೆಡ್‌ಮಾಸ್ತರು.

ಅಧಿಕಾರಿಗಳು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. 'ಮಧ್ಯದಲ್ಲಿರೋ ಹುಡುಗ ನಿಮ್ಮ ಕ್ಯಾಪ್ಟನ್ನೇ?'

'ಅಲ್ಲ ಸಾರ್, ನಮ್ಮನ್ನ ಸೋಲಿಸಿದೋನು' ಎಂದರು ಷಡಕ್ಷರಪ್ಪನವರು. ಎದ್ದು ಹೋಗಿ, ಹೆಗಲ ಮೇಲಿನ ವಸ್ತ್ರದಿಂದ ಆ ಗಾಜನ್ನು ಒರೆಸಿದರು. 'ಚಿನ್ನದಂಥ ಹುಡುಗ ಸಾರ್. ಸುಳ್ಳು ಹೇಳೋಕೆ ಬರಲ್ಲ. ನಮಗೆ ಮುಳುವಾದದ್ದೇ ಅದು.'